ದೊರೆಸಾನಿಯ ಬುಟ್ಟಿ

ಮಾತುಳ್ಳವರ ಸ್ತೋತ್ರಕ್ಕಿಂತ ಮೊದಲು ಮಾತಿಲ್ಲದವರ ಮೊರೆಗೆ ಕಿವಿಗೊಡುವ ಕರುಣಾನಿಧಿಯೇ, ಒಂದು ಬೆಕ್ಕಿನ ಕಥೆಯನ್ನು ಹೇಳಹೊರಟ ಈ ನುಡಿಗೆ ನೀನೇ ಬೆಳಕಾಗು.

ಗಡಿಯಾರ ರಿಪೇರಿಯವರ ಪತ್ನಿ ತೀರಿಹೋದ ಮೇಲೆ ಆ ಮನೆಯಲ್ಲಿ ಉಳಿದದ್ದು ಅವರು ಮತ್ತು ಆಕೆ ಸಾಕಿದ ಬೂದು ಬೆಕ್ಕು. ಕರೆದರೆ ಬಾರದು, ಬಂದರೆ ಕೂರದು ಎಂದು ಆಕೆ ಅದಕ್ಕೆ ದೊರೆಸಾನಿ ಎಂದು ಹೆಸರಿಟ್ಟಿದ್ದಳು. ಬಾಗಿಲು ಸದ್ದಾದರೆ ಬೆಕ್ಕೂ ಅವರೂ ಒಟ್ಟಿಗೆ ತಲೆಯೆತ್ತುತ್ತಿದ್ದರು. ಬಂದವರು ಆಕೆಯಲ್ಲವೆಂದು ಕಂಡು ಒಟ್ಟಿಗೆ ತಗ್ಗಿಸುತ್ತಿದ್ದರು. ಹಾಗೆ ಆಕೆಯನ್ನು ಕಾಯುವ ಮೂರನೆಯ ಜೀವ ಆ ಮನೆಯಲ್ಲಿರಲಿಲ್ಲ.

ಅವರನ್ನು ಬಹಳವಾಗಿ ಕಾಡಿದ್ದು ಆಕೆಯೊಂದಿಗೇ ಇಲ್ಲವಾದ ಒಂದು ವಾಸನೆ. ಬೆಳಗ್ಗೆ ಅವರು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಮೇಜಿನ ಮುಂದೆ ಕೂರುವ ಹೊತ್ತಿಗೆ ಆಕೆ ಫಿನೈಲ್ ಹಾಕಿ ನೆಲ ಒರೆಸುತ್ತಿದ್ದಳು. "ಕಾಲೆತ್ತಿ" ಎಂದಾಗ ಕಾಲೆತ್ತುತ್ತಿದ್ದರು, ಕತ್ತೆತ್ತಿ ನೋಡಿದವರಲ್ಲ.

ಒಂದು ಬೆಳಗ್ಗೆ ತಾಳಲಾರದೆ ಆಕೆಯ ಕಪ್ಪು ಬಾಟಲಿಯನ್ನು ತಾವೇ ಹುಡುಕಿ ತೆಗೆದರು. ನೀರು ಬೆರೆಸಿದರೆ ಘಮ ತೆಳುವಾದೀತೆಂದು ಹಾಗೆಯೇ ಬಟ್ಟೆಗೆ ಸುರಿದು ಒರೆಸತೊಡಗಿದರು. ದೊರೆಸಾನಿ ಮೂಲೆಯ ಬಟ್ಟೆಬುಟ್ಟಿಯ ಮುಚ್ಚಳ ಕೆರೆಯುತ್ತ ಕೂಗಿತು.

"ಏನಮ್ಮ, ಕೊಳೆಬಟ್ಟೆ ಮೇಲೂ ಕಣ್ಣಾ ನಿಂದು?" ಎಂದು ನಕ್ಕು, ಒರೆಸುವುದನ್ನು ಮುಗಿಸಿ, ಕುರ್ಚಿಯಲ್ಲಿ ಕಣ್ಮುಚ್ಚಿ ಕೂತರು. ಇನ್ನೊಂದು ಕ್ಷಣಕ್ಕೆ "ಕಾಲೆತ್ತಿ" ಎಂಬ ದನಿ ಕೇಳುವುದೆನಿಸಿತು. ಬೆಕ್ಕು ಒದ್ದೆ ನೆಲವನ್ನು ದಾಟಿ, ಕಿಟಕಿಯಲ್ಲಿ ಕೂತು ಅಂಗಾಲುಗಳನ್ನು ನೆಕ್ಕಿಕೊಂಡಿತು.

ಮಧ್ಯಾಹ್ನದ ಹೊತ್ತಿಗೆ ಅದರ ಬಾಯಿಂದ ಜೊಲ್ಲು ಇಳಿಯುತ್ತಿತ್ತು; ಹಿಂಗಾಲುಗಳು ಸೋತು ನಡುಗುತ್ತಿದ್ದವು. ಪಕ್ಕದ ಬೀದಿಯಲ್ಲಿದ್ದ ನಾದಿನಿ ಸುದ್ದಿ ತಿಳಿದು ಓಡಿಬಂದಳು. ಹೊಸ್ತಿಲಲ್ಲೇ ಮೂಗು ಮುಚ್ಚಿಕೊಂಡಳು.

"ಭಾವ, ಇದಕ್ಕೆ ಎಷ್ಟು ನೀರು ಹಾಕಿದ್ರಿ?"

"ನೀರು ಹಾಕಿದ್ರೆ ವಾಸನೆ ಎಲ್ಲಿ ನಿಲ್ಲುತ್ತೆ?"

"ಅಕ್ಕ ಬಕೆಟ್ ತುಂಬ ನೀರಿಗೆ ಒಂದೇ ಮುಚ್ಚಳ ಹಾಕೋಳು. ಮೊದಲು ಇವಳನ್ನ ಆ ಬುಟ್ಟೀಲಿ ಕೂರಿಸೋಳು, ನೆಲ ಒಣಗಿದ ಮೇಲೇ ಬಿಡುಗಡೆ. ಇಷ್ಟು ವರ್ಷ ಇದೇ ಕೋಣೇಲಿ ಕೂತು ನೀವು ಏನು ನೋಡಿದ್ರಿ?"

"ಕಾಲೆತ್ತುತ್ತಿದ್ದೆ," ಎಂದರು ಅವರು.

ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿ, ಬಾಟಲಿಯನ್ನೂ ಎತ್ತಿಕೊಂಡು ಇಬ್ಬರೂ ಪ್ರಾಣಿವೈದ್ಯೆಯ ಬಳಿಗೆ ಧಾವಿಸಿದರು.

"ವಾಂತಿ ಮಾಡಿಸಿಲ್ಲ ತಾನೆ?" ವೈದ್ಯೆ ಬಾಟಲಿಯ ಚೀಟಿ ಓದುತ್ತ ಕೇಳಿದಳು. "ಒಳ್ಳೇದಾಯ್ತು. ಮಾಡಿಸಿದ್ರೆ ಗಂಟಲು ಇನ್ನೊಂದು ಸಲ ಸುಡ್ತಿತ್ತು." ಉಗುರುಬೆಚ್ಚನೆಯ ನೀರಿನಲ್ಲಿ ಪಾದಗಳನ್ನು ತೊಳೆದು ಡ್ರಿಪ್ ಹಾಕಿದಳು. "ನೀರು ಬೆರೆಸಿದ್ರೂ ಬೆಕ್ಕಿರೋ ಮನೆಗೆ ಇದು ಬೇಡ. ಅವುಗಳ ಮೈಗೆ ಈ ವಿಷ ಅರಗೋದಿಲ್ಲ."

"ಉಳಿಯುತ್ತಾ ಡಾಕ್ಟ್ರೇ?" ಎಂದರು ಅವರು.

"ನಾಳೆವರೆಗೂ ನೋಡೋಣ."

ಅವರು ಆ ಪುಟ್ಟ ತಲೆಯ ಮೇಲೆ ಕೈಯಿಟ್ಟು ಕೂತರು. ದೇವರೇ, ಕರೆದುಕೊಂಡವಳನ್ನು ಮರಳಿ ಕೇಳಲಾರೆ. ಅವಳ ಹೆಜ್ಜೆಯ ಸದ್ದನ್ನು ಬಲ್ಲ ಇದೊಂದನ್ನು ನನಗೆ ಬಿಡು.

ಮರುದಿನ ದೊರೆಸಾನಿ ಅವರ ಬೆರಳನ್ನು ಮೂಸಿ, ಎಂದಿನ ಗತ್ತಿನಲ್ಲಿ ಮುಖ ತಿರುಗಿಸಿತು. "ಬದುಕಿದಳು, ಗತ್ತು ಬಂತಲ್ಲ," ಎಂದು ನಾದಿನಿ ಕಣ್ಣೊರೆಸಿಕೊಂಡಳು.

ಅದು ಚೇತರಿಸಿಕೊಂಡು ಮನೆಗೆ ಬರುವ ಮುನ್ನ ಅವರು ಕಿಟಕಿಗಳನ್ನೆಲ್ಲ ತೆರೆದು, ಸೋಪುನೀರಿನಿಂದ ನೆಲವನ್ನು ಮತ್ತೆ ಮತ್ತೆ ತೊಳೆದರು. ಕಪಾಟಿನ ಹಿಂದೆ ಕೊನೆಯ ಘಮ ಇನ್ನೂ ಉಳಿದಿತ್ತು. ಅಲ್ಲಿ ಮಂಡಿಯೂರಿ, ಉಸಿರನ್ನು ಒಮ್ಮೆ ಒಳಗೆಳೆದುಕೊಂಡು, ಅದನ್ನೂ ಒರೆಸಿಬಿಟ್ಟರು.

ಈಗ ಬೆಳಗ್ಗೆ ಬರಿಯ ನೀರಿನ ಬಕೆಟ್ ಹಿಡಿದು ಬುಟ್ಟಿಯ ಮುಚ್ಚಳ ತೆರೆಯುತ್ತಾರೆ. ದೊರೆಸಾನಿ ತಾನೇ ಹಾರಿ ಒಳಗೆ ಕೂರುತ್ತದೆ. ಅವರು ಒರೆಸುತ್ತ ಮೇಜಿನವರೆಗೆ ಬಂದು, ತಮ್ಮ ಖಾಲಿ ಕುರ್ಚಿಗೆ ಮೆಲ್ಲನೆ "ಕಾಲೆತ್ತಿ" ಎನ್ನುತ್ತಾರೆ.

ಇದನ್ನು ಕೇಳಿದವರ ಮನೆಯ ನೆಲವು ಮಾತಿಲ್ಲದ ಪಾದಗಳಿಗೂ ಕ್ಷೇಮವಾಗಿರಲಿ, ಅಗಲಿದವರನ್ನು ನೆನೆವ ಎದೆಗಳಿಗೆ ಜೊತೆಯೊಂದು ಉಳಿಯಲಿ, ಸರ್ವರಿಗೂ ಶುಭವಾಗಲಿ.