ತರಗುಪೇಟೆಯಲ್ಲಿ ಸಿಕ್ಕ ಚೀಲ

ತರಗುಪೇಟೆಯ ಬೇಳೆ ವ್ಯಾಪಾರಿ ಕೈಲಾಸ್‌ಗೆ ಅಂಗಡಿ ತೆರೆಯುವ ಹೊತ್ತಿಗೆ ರಸ್ತೆಯಲ್ಲಿ ನೋಟಿನ ಕಟ್ಟುಗಳಿದ್ದ ಚೀಲ ಸಿಕ್ಕಿತು. ಕಳೆದುಕೊಂಡವರು ಬಂದರೆ ಕೊಟ್ಟರಾಯಿತು ಎಂದುಕೊಂಡು ಒಳಗಿಟ್ಟ.

ಮಧ್ಯಾಹ್ನ ಅಪರಿಚಿತನೊಬ್ಬ ಬಂದು, “ಇಲ್ಲೊಂದು ಚೀಲ ಬಿದ್ದಿತ್ತು, ನೋಡಿದ್ರಾ ಸಾರ್?” ಎಂದು ಮೆಲ್ಲಗೆ ಕೇಳಿದ. ಅಷ್ಟು ಹೊತ್ತಿಗೆ ಆಸೆ ಹುಟ್ಟಿದ್ದ ಕೈಲಾಸ್, “ಇಲ್ವಲ್ಲ,” ಎಂದುಬಿಟ್ಟ. ಆತ ಅಂಗಡಿಯ ಬೋರ್ಡನ್ನೊಮ್ಮೆ ನೋಡಿ ಹೋದ.

ಸಂಜೆ ಕೈಲಾಸ್ ಚೀಲದೊಂದಿಗೆ ಶಂಕರಪುರಂನ ಮನೆಗೆ ಬಂದಾಗ ಮಧ್ಯಾಹ್ನದ ಆ ಅಪರಿಚಿತ ನಡುಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ.

“ನಿಮ್ಮ ಫ್ರೆಂಡಂತೆ ಅಪ್ಪಾ,” ಎಂದಳು ಮಗಳು ಹರ್ಷಿತಾ.

ಕೈಲಾಸ್ ಚೀಲವನ್ನು ಅವನ ಮುಂದಿಟ್ಟ. ಆತ ಅದನ್ನು ಮುಟ್ಟಲೂ ಇಲ್ಲ.

“ನಿಮ್ಮ ಹತ್ರಾನೇ ಇರ್ಲಿ ಸಾರ್. ಇನ್ಮೇಲೆ ಇಂಥ ಚೀಲಗಳನ್ನ ಬಚ್ಚಿಡೋಕೆ ನಿಮ್ಮ ಅಂಗಡಿ ಬೇಕಾಗುತ್ತೆ,” ಎಂದು ಹರ್ಷಿತಾಳ ಕಡೆ ನೋಡಿ ನಕ್ಕ.

ಕೈಲಾಸ್ ಚೀಲವನ್ನು ಮತ್ತೆ ಕೈಗೆತ್ತಿಕೊಂಡ.