ಲವೀನಾ ಉಜ್ಜಿದ ಅರ್ಧ ಡಾಲರು

ಹಳೇ ಬೆಳ್ಳಿ ನಾಣ್ಯ ಕೂಡಿಡೋರ ಹತ್ತಿರ ಹೋಗಿ "ತೊಳೆದು ಕೊಡ್ಲಾ?" ಅಂತ ಕೇಳಿ ನೋಡಿ, ಹೊಡೆಯೋಕೇ ಬರ್ತಾರೆ. ಇನ್ನೂರು ವರ್ಷದಿಂದ ಕೂತ ಕಪ್ಪೇ ಅವರಿಗೆ ಐಶ್ವರ್ಯ. ಪಾಪ, ಲವೀನಾಗೆ ಅದೆಲ್ಲ ಎಲ್ಲಿ ಗೊತ್ತಿತ್ತು? ಇಪ್ಪತ್ತು ವರ್ಷದ ಕೆಳಗೆ ಗಂಡ ವೆಂಡೆಲ್‌ನ ಹುಟ್ಟುಹಬ್ಬದ ದಿನ, ಅವನ ಪ್ರಾಣವೇ ಆಗಿದ್ದ 1807ರ ಅರ್ಧ ಡಾಲರನ್ನು ಅಡುಗೆ ಸೋಡಾ ಹಾಕಿ ತಿಕ್ಕಿ ತಿಕ್ಕಿ, ಫಳಫಳ ಹೊಳೆಸಿ, ತಟ್ಟೆಯಲ್ಲಿಟ್ಟು ತಂದಿದ್ದಳು.

"ಎಂಥ ಕೆಲ್ಸ ಮಾಡ್ದೆ ಕಣೇ! ಹಾಳು ಮಾಡ್ಬಿಟ್ಯಲ್ಲೇ!" ಎಂದು ವೆಂಡೆಲ್ ಕೂಗಾಡಿದ. ಮುಂದಿನ ವಾರವೇ ಸಿಕ್ಕ ಬೆಲೆಗೆ ಮಾರಿಬಂದ. ಲವೀನಾ ಆಮೇಲೆ ಅವನ ನಾಣ್ಯದ ಪೆಟ್ಟಿಗೆ ಮುಟ್ಟಲೇ ಇಲ್ಲ.

ಅವಳು ತೀರಿಹೋಗಿ ಈಗ ಆರು ವರ್ಷ. ಅಂದಿನಿಂದ ಪೆನ್ಸಿಲ್ವೇನಿಯಾದ ಯಾವ ಊರಲ್ಲಿ ನಾಣ್ಯಮೇಳವಾದರೂ ಮುದುಕ ಹಾಜರು. ನೋಡುವುದು ಮಾತ್ರ ತಿಕ್ಕಿ ಹಾಳಾದ ನಾಣ್ಯಗಳ ಡಬ್ಬಿ. ಅವಳ ಕೈಯ ಆ ಹೊಳಪನ್ನು ಇನ್ನೊಂದೇ ಒಂದು ಸಲ ನೋಡಬೇಕಿತ್ತು ಅವನಿಗೆ. ಅಷ್ಟೇ ಆಸೆ.

ಈ ಭಾನುವಾರ ಲಿಟಿಟ್ಸ್ ಊರಿನ ಮೇಳದಲ್ಲಿ ವ್ಯಾಪಾರಿ ಮರ್ಲ್ ಕಿಚಾಯಿಸಿದ. "ಏನ್ ಯಜಮಾನ್ರೇ, ಮತ್ತೆ ಕಸಕ್ಕೇ ಕೈ ಹಾಕಿದ್ರಾ? ಇಲ್ನೋಡಿ, ಒಳ್ಳೇ ಮಾಲು."

ಮುಂದಿಟ್ಟದ್ದು 1807ರದೇ. ಟೋಪಿ ಹಾಕಿದ ಸ್ವಾತಂತ್ರ್ಯದೇವಿ, ಹಿಂದೆ ಹದ್ದು. ವೆಂಡೆಲ್ ಭೂತಗನ್ನಡಿ ಹಿಡಿದ. ಹದ್ದಿನ ಎಡರೆಕ್ಕೆಯ ಕೆಳಗೆ ಸಾಸಿವೆಯಷ್ಟು ಪೆಟ್ಟು. ತಾನು ಮಾರಿದ್ದ ಅದೇ ನಾಣ್ಯ! ಆದರೆ ಹೊಳಪೆಲ್ಲಿ? ನಾಣ್ಯವೆಲ್ಲ ಮತ್ತೆ ಕಪ್ಪಗಾಗಿತ್ತು.

"ಯಾರೋ ಪುಣ್ಯಾತ್ಮರು ಹಿಂದೆ ತಿಕ್ಕಿದ್ರು," ಮರ್ಲ್ ದನಿ ತಗ್ಗಿಸಿದ. "ಇಷ್ಟು ವರ್ಷ ಕಾಗದದ ಲಕೋಟೇಲಿತ್ತು, ಹಳೇ ಕಪ್ಪು ವಾಪಸ್ ಬಂದಿದೆ. ಈಗ ಯಾರಿಗೂ ಗೊತ್ತಾಗಲ್ಲ ಬಿಡಿ."

"ನಂಗೊತ್ತಾಗುತ್ತಲ್ಲಪ್ಪಾ," ಅಂದ ವೆಂಡೆಲ್. ಚೌಕಾಸಿ ಮಾಡದೆ ಕೊಂಡ.

ಮನೆಗೆ ಬಂದವನು ಕೋಟನ್ನೂ ಬಿಚ್ಚದೆ ಅಡುಗೆಮನೆಯ ಕಪಾಟು ತಡಕಿದ. ಲವೀನಾ ತಂದಿಟ್ಟಿದ್ದ ಸೋಡಾ ಇನ್ನೂ ಇತ್ತು, ಹೆಂಟೆಗಟ್ಟಿತ್ತು. ತೊಳೀಬೇಡಿ ತೊಳೀಬೇಡಿ ಎಂದು ನಲವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ, ಚಮಚದಲ್ಲಿ ಅದನ್ನು ಕೆರೆದು, ನೀರು ಹಾಕಿ, ಹೆಬ್ಬೆರಳಿನಿಂದ ಉಜ್ಜತೊಡಗಿದ.

"ಅದೆಷ್ಟು ಹೊತ್ತು ತಿಕ್ಕಿದ್ಯೇ ಮಾರಾಯ್ತಿ! ನನ್ ಕೈಯೇ ಬಿದ್ದೋಯ್ತು," ಅಂದ.

ಕತ್ತಲಾಗುವ ಮೊದಲು ದೇವಿಯ ಕೆನ್ನೆ ಬೆಳ್ಳಗೆ ಹೊಳೆಯಿತು. ತಟ್ಟೆಯಲ್ಲಿಟ್ಟು, ಅವಳು ಕೂರುತ್ತಿದ್ದ ಕುರ್ಚಿಯ ಎದುರು ತಂದಿಟ್ಟ.

"ಚೆನ್ನಾಗಿ ಕಾಣ್ತಿದೆ ಕಣೇ," ಎಂದ. "ತುಂಬಾ ಚೆನ್ನಾಗಿದೆ."