ಹೆಚ್ಚಿಗೆ ಬಂದ ಅಕ್ಕಿ

ನಲವತ್ತೆಂಟು ದಿನ. ಪಟ್ಟಣದ ಎರಡೂ ರಸ್ತೆಗಳನ್ನು ಸೈನಿಕರು ಮುಚ್ಚಿದ ದಿನವೇ ನಾನು ಮನೆಯ ಉಗ್ರಾಣವನ್ನೆಲ್ಲ ಎರಡೆರಡು ಸಲ ತೂಗಿ ಈ ಉತ್ತರ ತೆಗೆದೆ. ಮೂವತ್ತಾರು ಕಿಲೋ ಅಕ್ಕಿ. ನಾನು, ನನ್ನ ಹೆಂಡತಿ, ಅಪ್ಪ, ಮೂವರಿಗೆ ದಿನಕ್ಕೆ ತಲಾ ಇನ್ನೂರು ಗ್ರಾಂ. ಐದು ವರ್ಷದ ಪುಟ್ಟಿಗೆ ನೂರೈವತ್ತು. ಬೇಳೆ, ಎಣ್ಣೆ, ಉಪ್ಪು ಇನ್ನೂ ನಾಲ್ಕು ದಿನ ಹೆಚ್ಚೇ ಬರುತ್ತಿದ್ದವು. ಆದರೆ ಬರೀ ಉಪ್ಪು ನೆಕ್ಕಿಕೊಂಡು ಮಗು ಬದುಕುವುದಿಲ್ಲ. ಅಕ್ಕಿ ಮುಗಿಯುವುದರೊಳಗೆ ರಸ್ತೆ ತೆರೆಯಬೇಕಿತ್ತು, ಅಷ್ಟೇ.

ಯಾರ ಸೈನಿಕರು ಎಂದು ಕೇಳಬೇಡಿ. ಮೊದಲ ವಾರ ಒಂದು ಬಣ್ಣದ ಬಟ್ಟೆಯವರಿದ್ದರು, ಆಮೇಲೆ ಇನ್ನೊಂದು ಬಣ್ಣದವರು ಬಂದರು. ಅಂಗಡಿ ಬಾಗಿಲು ಒಡೆಯುವುದರಲ್ಲಿ ಇಬ್ಬರೂ ಒಂದೇ.

ನೂಲಿನ ಗಿರಣಿಯ ಕ್ಯಾಂಟೀನಿನಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಸ್ಟೋರ್‌ಕೀಪರ್. ಅಪ್ಪ ಅದೇ ಕ್ಯಾಂಟೀನಿನಲ್ಲಿ ದೊಡ್ಡ ಅಡಿಗೆಯವನಾಗಿದ್ದು ನಿವೃತ್ತನಾದವನು. ಹೊಟ್ಟೆಯ ಗಾತ್ರ ನೋಡಿ ಗಿರಣಿಯವರೆಲ್ಲ ಅವನನ್ನು ಹಂಡೆಯಣ್ಣ ಎನ್ನುತ್ತಿದ್ದರು. ಸ್ಟೋರ್‌ಕೀಪರಿಗೂ ಅಡಿಗೆಯವನಿಗೂ ಎಲ್ಲ ಕಡೆಯೂ ಹಾವು ಮುಂಗುಸಿಯ ಸಂಬಂಧ. ಬೆಳಿಗ್ಗೆ ಒಂದೇ ಮನೆಯಿಂದ ಒಟ್ಟಿಗೆ ನಡೆದು ಬಂದರೂ ಸಂಜೆ ಅವನ ಚೀಲ ತಡಕಿ ನೋಡುವ ಕೆಲಸ ನನ್ನದೇ ಆಗಿತ್ತು. "ಚೆನ್ನಾಗಿ ನೋಡಪ್ಪಾ, ತಳದಲ್ಲಿ ಎರಡು ಈರುಳ್ಳಿ ಇರಬಹುದು" ಎಂದು ಕೈ ಎತ್ತಿ ನಿಲ್ಲುತ್ತಿದ್ದ. ಒಂದು ದಿನವೂ ಏನೂ ಇರಲಿಲ್ಲ. ಆದರೂ ನಾನು ಒಂದು ದಿನವೂ ತಡಕದೆ ಬಿಟ್ಟವನಲ್ಲ.

ನನಗೆ ಕೆಲಸ ಕಲಿಸಿದ ಹಳಬರು ಹೇಳಿಕೊಟ್ಟದ್ದು ಒಂದೇ ನಿಯಮ: ದಾಸ್ತಾನು ಕಮ್ಮಿ ಬಂದರೆ ಅಡಿಗೆಯವನನ್ನು ಹಿಡಿ, ಹೆಚ್ಚು ಬಂದರೆ ತಕ್ಕಡಿ ಸರಿಮಾಡಿಸು. ಹೆಚ್ಚು ಬಂದದ್ದಕ್ಕೆ ಯಾರನ್ನೂ ವಿಚಾರಿಸಿದ್ದು ನಾನಂತೂ ಕಂಡಿಲ್ಲ.

ಮನೆಯಲ್ಲಿ ಅಡಿಗೆ ಅಪ್ಪನದೇ. ಹೆಂಡತಿ ನರ್ಸ್; ಗಾಯಾಳುಗಳಿಂದ ತುಂಬಿಹೋದ ಆಸ್ಪತ್ರೆಯಿಂದ ಅವಳು ಮನೆಗೆ ಬರುತ್ತಿದ್ದದ್ದು ಮಲಗುವುದಕ್ಕೆ ಮಾತ್ರ. ಬೆಳಿಗ್ಗೆ ನಾನು ಏಳುನೂರೈವತ್ತು ಗ್ರಾಂ ತೂಗಿ ಅಪ್ಪನ ಕೈಗೆ ಕೊಟ್ಟು, ಚೀಲದ ಬಾಯಿ ಕಟ್ಟಿ, ಬಿಂದಿಗೆ ಹಿಡಿದು ನೀರಿನ ಸಾಲಿಗೆ ಹೋಗುತ್ತಿದ್ದೆ. ಅಪ್ಪ ಬೇಯಿಸಿ, ನಮಗೆಲ್ಲ ಬಡಿಸಿ, ಕಡೆಗೆ ಅಡಿಗೆಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ನಿಂತು ಪಾತ್ರೆಯಲ್ಲೇ ಉಣ್ಣುತ್ತಿದ್ದ. ಅದು ಅವನ ಕ್ಯಾಂಟೀನಿನ ಅಭ್ಯಾಸ. ನಾನೂರು ಜನ ಉಂಡು ಎದ್ದ ಮೇಲೆ ಅಡಿಗೆಯವನ ಊಟ. "ಅಡಿಗೆಯವನೇ ಕೂತ್ಬಿಟ್ರೆ ಬಡಿಸೋರ್ಯಾರು?" ಎನ್ನುತ್ತಿದ್ದ. ನಲವತ್ತು ವರ್ಷದಿಂದ ಕೇಳಿದ ಮಾತಾದ್ದರಿಂದ ಅವನು ಏನು ಉಣ್ಣುತ್ತಾನೆಂದು ನಾನು ತಿರುಗಿ ನೋಡಲಿಲ್ಲ.

ಪ್ರತಿ ಭಾನುವಾರ ಉಳಿದ ಅಕ್ಕಿಯನ್ನು ತೂಗಿ, ಎಷ್ಟು ದಿನಕ್ಕೆ ಬರುತ್ತದೆಂದು ಉಗ್ರಾಣದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಮೊದಲ ಭಾನುವಾರ ಮುನ್ನೂರು ಗ್ರಾಂ ಹೆಚ್ಚು ಬಂತು. ತಕ್ಕಡಿಯ ತಟ್ಟೆ ಒರೆಸಿಟ್ಟೆ. ಎರಡನೆಯ ಭಾನುವಾರ ಒಂದೂವರೆ ದಿನದ ಅಕ್ಕಿ ಹೆಚ್ಚಿತ್ತು. ಮೂರನೆಯ ಭಾನುವಾರ ಇಪ್ಪತ್ತೇಳು ದಿನಕ್ಕೆ ಆಗುವಷ್ಟು ಇರಬೇಕಾದಲ್ಲಿ ಮೂವತ್ತು ದಿನಕ್ಕೆ ಆಗುವಷ್ಟಿತ್ತು. ನನಗೆ ಸಂತೋಷ ಹೊಟ್ಟೆಯಲ್ಲಿ ಹಿಡಿಸಲಿಲ್ಲ. ಹೊಟ್ಟೆಯಲ್ಲಿ ಜಾಗಕ್ಕೇನೂ ಕೊರತೆ ಇರಲಿಲ್ಲ ಅನ್ನಿ. ಮೂವತ್ತು ಎಂದು ದೊಡ್ಡದಾಗಿ ಬರೆದೆ. ಅಪ್ಪ ಪುಟ್ಟಿಯ ಎರಡೂ ಕೈ ಹಿಡಿದು ಚಪ್ಪಾಳೆ ತಟ್ಟಿಸಿದ.

"ನೋಡಿದ್ಯಾ ಪುಟ್ಟೀ, ನಿಮ್ಮಪ್ಪ ಕಾವಲಿದ್ರೆ ಅಕ್ಕಿನೂ ಮರಿ ಹಾಕುತ್ತೆ!"

ಅವತ್ತು ಹೆಂಡತಿ ನನ್ನನ್ನು ಬಾಗಿಲ ಬಳಿ ನಿಲ್ಲಿಸಿದಳು. "ಮಾವನ ಕೈ ನೋಡಿದ್ರಾ? ಗಡಿಯಾರ ಮೊಣಕೈ ತನಕ ಜಾರುತ್ತೆ."

"ನನ್ನ ಬೆಲ್ಟೂ ಎರಡು ತೂತು ಒಳಗೆ ಹೋಗಿದೆ," ಎಂದೆ. "ಹಂಡೆ ಕರಗಿದ್ರೆ ಎದ್ದು ಕಾಣುತ್ತೆ. ಕಡ್ಡಿ ಕರಗಿದ್ರೆ ಯಾರಿಗೆ ಗೊತ್ತಾಗುತ್ತೆ?"

ಅವಳು ನಗಲಿಲ್ಲ. ಆಸ್ಪತ್ರೆಗೆ ತಡವಾಗಿತ್ತು, ಹೊರಟುಹೋದಳು.

ಮಾರನೆಯ ದಿನ ಸೋಮವಾರ ನೀರಿನ ಲಾರಿ ಬರಲಿಲ್ಲ. ಖಾಲಿ ಬಿಂದಿಗೆ ಹಿಡಿದು ಬೇಗನೆ ವಾಪಸು ಬಂದೆ. ಉಗ್ರಾಣದ ಬಾಗಿಲು ತೆರೆದಿತ್ತು. ಅಪ್ಪ ನೆಲದ ಮೇಲೆ ಕೂತಿದ್ದ. ಚೀಲದ ಹುರಿ ಬಿಚ್ಚಿತ್ತು, ಅವನ ಮುಷ್ಟಿಯಲ್ಲಿ ಅಕ್ಕಿ ಇತ್ತು.

"ಏನಪ್ಪಾ ಇದು?"

ಅಪ್ಪ ಬೆಚ್ಚಿ ತಿರುಗಿದ. ನನ್ನನ್ನು ನೋಡಿದ, ನನ್ನ ಹಿಂದೆ ಬಂದು ನಿಂತ ಪುಟ್ಟಿಯನ್ನು ನೋಡಿದ.

"ಹಸಿವಾಯ್ತು ಕಣೋ," ಎಂದ.

"ಹಸಿ ಅಕ್ಕಿ ತಿಂತಿದ್ದೀಯಾ? ಎಷ್ಟು ದಿನದಿಂದ?"

"ಮೊದಲಿಂದ."

ಬಿಂದಿಗೆಯನ್ನು ನೆಲಕ್ಕೆ ಕುಕ್ಕಿದೆ. "ಇಷ್ಟು ವರ್ಷ ನಿನ್ನ ಚೀಲ ತಡಕಿದ್ದು ಸರಿಯಾಗೇ ಇತ್ತು! ಮೊಮ್ಮಗಳ ಬಾಯಿಂದ ಕಿತ್ಕೊಂಡು ತಿನ್ನೋಕೆ ನಾಚಿಕೆ ಆಗಲ್ವಾ ನಿಂಗೆ? ಕಳ್ಳ! ಮುದಿ ಕಳ್ಳ!"

ಆ ಮಾತು ನನ್ನ ಬಾಯಿಂದಲೇ ಬಂದದ್ದು. ಬೇರೆ ಯಾರ ಮೇಲೂ ಹಾಕಲು ಬರುವುದಿಲ್ಲ.

"ತಪ್ಪಾಯ್ತು ಮಗಾ," ಎಂದ ಅಪ್ಪ. ಮುಷ್ಟಿಯ ಅಕ್ಕಿಯನ್ನು ಚೀಲಕ್ಕೆ ಬಿಟ್ಟು, ನೆಲದ ಮೇಲೆ ಬಿದ್ದಿದ್ದ ಕಾಳುಗಳನ್ನೂ ಆರಿಸಿ ಹಾಕಿ, ಗೋಡೆ ಹಿಡಿದುಕೊಂಡು ಎದ್ದ. "ಬೀಗ ಹಾಕ್ಕೋ."

ಬೀಗ ಹಾಕಿದೆ. ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಂಡೆ. ಅಡಿಗೆಯನ್ನೂ ಅವನ ಕೈಯಿಂದ ಕಿತ್ತುಕೊಂಡು ನಾನೇ ಮಾಡತೊಡಗಿದೆ. ಕಳ್ಳತನ ಆಗಿದ್ದರೆ ಮೂರು ದಿನದ ಅಕ್ಕಿ ಹೆಚ್ಚು ಬಂದದ್ದು ಹೇಗೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ತಕ್ಕಡಿ ಹೇಗೂ ತಪ್ಪು, ಇವನು ಕದಿಯದೇ ಇದ್ದಿದ್ದರೆ ಐದು ದಿನದ್ದು ಹೆಚ್ಚು ಬರುತ್ತಿತ್ತು ಎಂದು ಉತ್ತರವನ್ನೂ ಕೊಟ್ಟುಕೊಂಡೆ.

ಅಪ್ಪ ಹಾಸಿಗೆ ಹಿಡಿದ. ಬುಧವಾರ ಜ್ವರ ಏರಿತು. ಹೆಂಡತಿ ಅವನ ಹೊಟ್ಟೆ ಒತ್ತಿ ನೋಡಿ ಹೊರಗೆ ಬಂದು, "ವಾರಗಟ್ಲೆ ಉಪವಾಸ ಬಿದ್ದೋರ ಥರ ಇದ್ದಾರೆ ರೀ," ಎಂದಳು.

"ಕದ್ದು ತಿಂದೋನು ಉಪವಾಸ ಹೇಗೆ ಇರ್ತಾನೆ? ಹಸಿ ಅಕ್ಕಿ ಅರಗಿಲ್ಲ, ಅಷ್ಟೇ."

ಅನ್ನವನ್ನು ನೀರಿನಲ್ಲಿ ಕಿವುಚಿ ಅವಳು ತಿನ್ನಿಸಲು ನೋಡುತ್ತಿದ್ದಳು. ಎರಡು ಚಮಚಕ್ಕೆ ಅವನು ತುಟಿ ಮುಚ್ಚಿ, ಪುಟ್ಟಿಗೆ ಕೊಡು ಎಂದು ಸನ್ನೆ ಮಾಡುತ್ತಿದ್ದ. ನಾನು ಆ ಕೋಣೆಗೆ ಕಾಲಿಡಲಿಲ್ಲ. ಶುಕ್ರವಾರ ಸಂಜೆ ಬಾಗಿಲ ಮುಂದೆ ಹಾದುಹೋಗುವಾಗ ಒಳಗಿನಿಂದ ಅವನ ದನಿ ಕೇಳಿತು.

"ಈಗ ಎಷ್ಟು ದಿನಕ್ಕೆ ಆಗುತ್ತೋ?"

"ಇಪ್ಪತ್ನಾಲ್ಕು," ಎಂದೆ, ಹೊರಗಿನಿಂದಲೇ.

"ಸಾಕಾಗುತ್ತೆ ಬಿಡು," ಎಂದ.

ಅಪ್ಪನಿಗೂ ನನಗೂ ನಡೆದ ಕೊನೆಯ ಮಾತು ಅದೇ. ಶನಿವಾರ ಮಧ್ಯಾಹ್ನ ಅವನು ಹೋಗಿಬಿಟ್ಟ. ಭಾನುವಾರ ಬೆಳಿಗ್ಗೆ ಗುಂಡಿನ ಸದ್ದು ನಿಂತ ಒಂದು ಗಂಟೆಯಲ್ಲಿ, ಅಕ್ಕಪಕ್ಕದ ಮನೆಯ ನಾಲ್ವರು ಸೇರಿ ಮಣ್ಣು ಮಾಡಿ ಬಂದೆವು. ಹೊರುವಾಗ ಒಬ್ಬರು, "ಹಂಡೆಯಣ್ಣ ಇಷ್ಟು ಹಗುರಾನಾ?" ಎಂದರು. ನಾನು ನೆಲ ನೋಡಿಕೊಂಡು ನಡೆದೆ.

ಮನೆಗೆ ಬಂದು ಕೈಕಾಲು ತೊಳೆದು ಉಗ್ರಾಣದ ಬೀಗ ತೆಗೆದೆ. ಅಪ್ಪನನ್ನು ಹೂತು ಬಂದ ದಿನವೂ ತಕ್ಕಡಿ ಹಿಡಿದನಲ್ಲ ಎಂದು ನೀವು ಬೈದರೆ ಬೈಸಿಕೊಳ್ಳುತ್ತೇನೆ. ಭಾನುವಾರ ಕೈ ತಾನಾಗಿಯೇ ಅಲ್ಲಿಗೆ ಹೋಯಿತು. ಹಿಂದಿನ ವಾರ ಇದ್ದದ್ದು ಇಪ್ಪತ್ತೆರಡೂವರೆ ಕಿಲೋ. ವಾರದಲ್ಲಿ ತೆಗೆದದ್ದು ಐದೂಕಾಲು ಕಿಲೋ. ಉಳಿಯಬೇಕಾದದ್ದು ಹದಿನೇಳೂಕಾಲು.

ಹದಿನೇಳೂಕಾಲೇ ಇತ್ತು, ಮೇಲೆ ಒಂದೆರಡು ಮುಷ್ಟಿ, ಬೀಗ ಬೀಳುವ ಮೊದಲು ಅಪ್ಪನ ಕೈಯಿಂದ ಚೀಲಕ್ಕೆ ಬಿದ್ದದ್ದು. ಮತ್ತೆ ತೂಗಿದೆ. ಅದು ಬಿಟ್ಟರೆ ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಮ್ಮಿಯಿಲ್ಲ. ತಕ್ಕಡಿ ಸರಿಯಾಗಿಯೇ ಇತ್ತು, ಮೊದಲಿನಿಂದಲೂ. ಚೀಲದಿಂದ ಕದಿಯುವವನಿದ್ದಿದ್ದರೆ, ಬೀಗ ಬಿದ್ದ ಮೇಲೆ ಅಕ್ಕಿ ಇನ್ನೂ ಹೆಚ್ಚು ಉಳಿಯಬೇಕಿತ್ತು. ನಮ್ಮ ಮನೆಯಲ್ಲಿ ಬೀಗ ಬಿದ್ದ ಮೇಲೆ ಹೆಚ್ಚು ಬರುವುದೇ ನಿಂತಿತ್ತು.

ಅಲ್ಲೇ ಚೀಲದ ಪಕ್ಕ ಕೂತೆ. ಹೆಂಡತಿ ಬಂದು ಭುಜ ಅಲುಗಿಸಿದಳು. "ತೆಗೀತಿರ್ಲಿಲ್ಲ ಕಣೇ," ಎಂದೆ, "ಹಾಕ್ತಿದ್ದ. ನಾನು ತೂಗಿ ಕೊಟ್ಟಿದ್ರಲ್ಲಿ ತನ್ನ ಪಾಲಿಂದ ದಿನಾ ವಾಪಸು ಹಾಕ್ತಿದ್ದ."

ಅವಳು ಬಹಳ ಹೊತ್ತು ಅಳುತ್ತಾ ನಿಂತಿದ್ದಳು. "ಮತ್ತೆ ಯಾಕೆ ಹಸಿವಾಯ್ತು ಅಂದ್ರು? ನಿಜ ಹೇಳ್ಬಹುದಿತ್ತಲ್ಲ."

ನಿಜ ಹೇಳಿದ್ದರೆ ನಾನು ಅವನನ್ನು ಎದುರಿಗೆ ಕೂರಿಸಿಕೊಂಡು ಇನ್ನೂರು ಗ್ರಾಮಿನ ಅನ್ನವನ್ನೂ ಉಣ್ಣಿಸಿಬಿಡುತ್ತಿದ್ದೆ. ಅದು ಅವನಿಗೆ ಗೊತ್ತಿತ್ತು. ತಾನು ಕಳ್ಳ ಎಂದರೆ ಮಗ ತಕ್ಷಣ ನಂಬಿಬಿಡುತ್ತಾನೆ ಎಂಬುದೂ ಗೊತ್ತಿತ್ತು, ನಾನೇ ಅಲ್ಲವೇ ಅಷ್ಟು ವರ್ಷ ಚೀಲ ತಡಕಿದವನು.

ಒಂಬತ್ತು ದಿನ ಕಳೆದ ಮೇಲೆ ರಸ್ತೆ ತೆರೆಯಿತು. ಲಾರಿಗಳು ಬಂದವು, ಬೀದಿಯಲ್ಲಿ ಜನ ತಬ್ಬಿಕೊಂಡು ಅತ್ತರು, ಪುಟ್ಟಿ ಬಾಳೆಹಣ್ಣು ಹಿಡಿದು ಮನೆತುಂಬ ಓಡಾಡಿದಳು. ನಾನು ಉಗ್ರಾಣಕ್ಕೆ ಹೋಗಿ ಲೆಕ್ಕವನ್ನು ಮೊದಲ ದಿನದಿಂದ ಇನ್ನೊಮ್ಮೆ ಹಾಕಿದೆ. ಅಪ್ಪ ತನ್ನ ಪಾಲನ್ನು ಒಂದು ಅಗುಳೂ ಬಿಡದೆ ದಿನವೂ ಉಂಡಿದ್ದರೂ, ನಾಲ್ವರಿಗೆ ಇನ್ನೂ ಹನ್ನೊಂದು ದಿನಕ್ಕೆ ಆಗುವಷ್ಟು ಅಕ್ಕಿ ಉಳಿಯುತ್ತಿತ್ತು.